ಪರದೆ ಹೇಳುವುದೊಂದು, ಯಂತ್ರ ಮಾಡುವುದೊಂದು: ಕಂಟ್ರೋಲ್ ರೂಮಿನಲ್ಲಿ ದೋಷವೋ ದಾಳಿಯೋ ಎಂದು ಪತ್ತೆ ಹಚ್ಚುವ ಬಗೆ

ವಿದ್ಯುತ್ ಸಬ್‌ಸ್ಟೇಷನ್, ನೀರು ಶುದ್ಧೀಕರಣ ಘಟಕ, ತೈಲದ ಕೊಳವೆ ಮಾರ್ಗ, ರಾಸಾಯನಿಕ ಸ್ಥಾವರ, ಇಂಥ ಕಡೆ ಶಿಫ್ಟಿನಲ್ಲಿ ಕೂತವರಿಗಾಗಿ ಈ ಕೈಪಿಡಿ. ಸೈಬರ್ ಭದ್ರತೆಯ ತಂಡ ಬಂದು ತಲುಪುವ ಹೊತ್ತಿಗೆ ಮೊದಲ ಒಂದೆರಡು ಗಂಟೆ ಕಳೆದೇ ಹೋಗಿರುತ್ತದೆ. ಪುರಾವೆ ಉಳಿಯುತ್ತದೋ ಅಳಿಯುತ್ತದೋ ಎನ್ನುವುದು ತೀರ್ಮಾನವಾಗುವುದು ಆ ಗಂಟೆಗಳಲ್ಲಿ. ದೇಶವೊಂದರ ಮೂಲಸೌಕರ್ಯದ ಮೇಲೆ ದಾಳಿ ನಡೆದಾಗ ಅದು ಮೊದಲು ಬಂದು ಬೀಳುವುದು ತೀರಾ ಮಾಮೂಲಿ ದೂರಿನ ರೂಪದಲ್ಲಿ: ಪಂಪ್ ನಿಂತಿದೆ, ಬ್ರೇಕರ್ (ವಿದ್ಯುತ್ ಕಡಿಯುವ ದೊಡ್ಡ ಸ್ವಿಚ್) ತಾನಾಗಿ ತೆರೆದುಕೊಂಡಿದೆ, ಪರದೆ ಅಲ್ಲಾಡುತ್ತಿಲ್ಲ.

ಹಾಗಾಗಿ ‘ಇದು ದಾಳಿಯೇ?’ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡಿ. ಅದಕ್ಕೆ ಉತ್ತರ ತಡವಾಗಿ ಸಿಗುತ್ತದೆ, ಕೆಲವೊಮ್ಮೆ ಸಿಗುವುದೇ ಇಲ್ಲ. ಕೂತಲ್ಲಿಂದಲೇ ಉತ್ತರಿಸಬಹುದಾದ ಎರಡು ಪ್ರಶ್ನೆಗಳಿವೆ. ಪರದೆಯ ಮೇಲೆ ಕಾಣುವುದಕ್ಕೂ ಸ್ಥಳದಲ್ಲಿ ಇರುವುದಕ್ಕೂ ತಾಳೆಯಾಗುತ್ತಿದೆಯೇ? ಯಂತ್ರ ಪಾಲಿಸಿದ ಆದೇಶ ಎಲ್ಲಿಂದ ಬಂತು? ಮುಂದಿನ ಪುಟಗಳೆಲ್ಲ ಈ ಎರಡರ ಸುತ್ತಲೇ ಇವೆ.

ಕೈ ಹಾಕುವ ಮೊದಲು

ಜನರ ಜೀವಕ್ಕೆ ಅಪಾಯವಿದ್ದರೆ ಪುರಾವೆ ಗಿರಾವೆ ಎಲ್ಲ ಆಮೇಲಿನ ಮಾತು. ಸ್ಥಾವರವನ್ನು ಸುರಕ್ಷಿತ ಸ್ಥಿತಿಗೆ ತನ್ನಿ. ಅಂಥ ಅಪಾಯ ಇಲ್ಲವಾದರೆ ರೀಸ್ಟಾರ್ಟ್ ಮಾಡಬೇಡಿ. ಈ ಸಲಹೆಗೆ ಎಲ್ಲ ಕಡೆ ವಿರೋಧ ಬರುತ್ತದೆ, ಯಾಕೆಂದರೆ ಆಫ್ ಮಾಡಿ ಆನ್ ಮಾಡಿದರೆ ಅರ್ಧದಷ್ಟು ತೊಂದರೆಗಳು ನಿಜಕ್ಕೂ ಹೋಗುತ್ತವೆ. ಆದರೆ ಮೆಮೊರಿಯಲ್ಲಿ ಮಾತ್ರ ಓಡುತ್ತಿರುವ ಪ್ರೋಗ್ರಾಂ ಯಾವುದು, ಆ ಗಳಿಗೆಯಲ್ಲಿ ಯಾವ ಸಂಪರ್ಕಗಳು ತೆರೆದಿದ್ದವು ಎಂಬುದು ರೀಸ್ಟಾರ್ಟಿನೊಂದಿಗೇ ಹೋಗಿಬಿಡುತ್ತದೆ. ಇನ್ನೊಂದು ಅಪಾಯವೂ ಇದೆ. 2015ರ ಡಿಸೆಂಬರ್ 23ರಂದು ಉಕ್ರೇನಿನ ವಿದ್ಯುತ್ ವಿತರಣಾ ಕಂಪನಿಗಳ ಮೇಲಾದ ದಾಳಿಯಲ್ಲಿ ಕಿಲ್‌ಡಿಸ್ಕ್ ಎಂಬ ಪ್ರೋಗ್ರಾಂ ಕಂಪ್ಯೂಟರ್‌ಗಳ ಬೂಟ್ ಭಾಗವನ್ನೇ ಅಳಿಸಿತ್ತು. ಓಡುತ್ತಿರುವಷ್ಟು ಹೊತ್ತು ಓಡುವ ಯಂತ್ರ, ಒಮ್ಮೆ ಆರಿಸಿದರೆ ಮತ್ತೆ ಏಳುವುದಿಲ್ಲ.

ಪರದೆಯ ಫೋಟೊವನ್ನು ಫೋನಿನಲ್ಲಿ ತೆಗೆಯಿರಿ. ಗೋಡೆ ಗಡಿಯಾರವೂ ಅದರಲ್ಲಿ ಬರಲಿ. ಸ್ಕಾಡಾ ಸರ್ವರ್ (ದೂರದ ಯಂತ್ರಗಳನ್ನು ನೋಡಿ ನಡೆಸುವ ಕೇಂದ್ರ ಕಂಪ್ಯೂಟರ್), ಆರ್‌ಟಿಯು (ಸ್ಥಳದಲ್ಲಿದ್ದು ಅದರೊಡನೆ ಮಾತಾಡುವ ಪೆಟ್ಟಿಗೆ), ರಿಲೇ (ದೋಷ ಕಂಡರೆ ಬ್ರೇಕರ್ ತೆರೆಸುವ ಸಾಧನ), ಫೈರ್‌ವಾಲ್ ಒಂದೊಂದರ ಗಡಿಯಾರವೂ ಸರಿಯಾದ ಸಮಯಕ್ಕಿಂತ ಎಷ್ಟು ಹಿಂದೆ ಅಥವಾ ಮುಂದೆ ಇದೆ ಎಂದು ಬರೆದಿಡಿ. ಈ ಒಂದು ಹಾಳೆ ಇಲ್ಲದೆ ಲಾಗ್‌ಗಳನ್ನು ಜೋಡಿಸಲು ಹೊರಟವರು ಪರಿಣಾಮವನ್ನೇ ಕಾರಣವೆಂದು ತಿಳಿದು ದಾರಿ ತಪ್ಪಿದ್ದುಂಟು. ಗಡಿಯಾರ ಕೆಡಲು ದಾಳಿಯೇ ಬೇಕೆಂದಿಲ್ಲ. 2016ರ ಜನವರಿಯಲ್ಲಿ ಹಳೆಯ ಜಿಪಿಎಸ್ ಉಪಗ್ರಹವೊಂದನ್ನು ಸೇವೆಯಿಂದ ತೆಗೆಯುವಾಗ ಜಿಪಿಎಸ್ ಸಮಯ ಸಂಕೇತದಲ್ಲೇ ಸುಮಾರು 13 ಮೈಕ್ರೊಸೆಕೆಂಡಿನ ತಪ್ಪು ನುಸುಳಿತ್ತು. 2019ರ ಏಪ್ರಿಲ್ 6ರಂದು ಜಿಪಿಎಸ್ ವಾರದ ಎಣಿಕೆ ಸೊನ್ನೆಗೆ ಮರಳಿದಾಗ ಕೆಲವು ಹಳೆಯ ರಿಸೀವರ್‌ಗಳು ತಪ್ಪು ದಿನಾಂಕ ತೋರಿಸಿದವು.

ಸುದ್ದಿ ಮುಟ್ಟಿಸಲು ಸಂಸ್ಥೆಯ ಇಮೇಲ್ ಬಳಸಬೇಡಿ. ಒಳಗೆ ಬಂದವರು ಮೊದಲು ಓದುವುದು ಅದನ್ನೇ. ಫೋನೂ ಖಾತ್ರಿಯಲ್ಲ: ಉಕ್ರೇನಿನ ಅದೇ ದಾಳಿಯಲ್ಲಿ ಗ್ರಾಹಕರ ಕರೆಗಳು ತಲುಪದಂತೆ ಕಾಲ್ ಸೆಂಟರಿಗೆ ಸುಳ್ಳು ಕರೆಗಳ ಮಳೆ ಸುರಿಸಿದ್ದರು. ಮೊಬೈಲ್ ನಂಬರುಗಳ ಪಟ್ಟಿ ಕಾಗದದ ಮೇಲಿರಲಿ, ವಾಕಿಟಾಕಿ ಚಾರ್ಜ್ ಆಗಿರಲಿ.

ಮೊದಲ ಪರೀಕ್ಷೆ: ಎದ್ದು ಹೋಗಿ ನೋಡಿ

ಕಂಟ್ರೋಲ್ ರೂಮಿನಿಂದ ಒಬ್ಬರು ಹೊರಡಬೇಕು. ಕೊಳವೆಗೆ ನೇರವಾಗಿ ಕೂಡಿಸಿರುವ ಒತ್ತಡದ ಗೇಜಿನ ಮುಳ್ಳು, ಟ್ಯಾಂಕಿನ ಪಕ್ಕದ ಗಾಜಿನ ಕೊಳವೆಯಲ್ಲಿ ಕಾಣುವ ಮಟ್ಟ, ಬ್ರೇಕರಿನ ಮೈಮೇಲಿನ ತೆರೆ–ಮುಚ್ಚು ಸೂಚಕ, ಮೋಟಾರಿನ ಸದ್ದು, ಬೇರಿಂಗಿನ ಬಿಸಿ: ನೆಟ್‌ವರ್ಕಿನ ಮೂಲಕ ಬರದ ಸಾಕ್ಷಿಗಳೆಂದರೆ ಇವು. ಫೋನಿನಲ್ಲಿ ಓದಿ ಹೇಳಲಿ, ನೀವು ಪರದೆಯ ಅಂಕಿಯ ಪಕ್ಕದಲ್ಲಿ ಬರೆದುಕೊಳ್ಳಿ.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ಯಂತ್ರದ ಪಕ್ಕದಲ್ಲೇ ಇರುವ ಟಚ್ ಪ್ಯಾನೆಲನ್ನು ನೋಡಿ ‘ಸ್ಥಳದಲ್ಲೂ ಅದೇ ಅಂಕಿ ಇದೆ’ ಎಂದು ವರದಿ ಕೊಟ್ಟುಬಿಡುತ್ತಾರೆ. ಆ ಪ್ಯಾನೆಲ್ ಓದುವುದೂ ಅದೇ ಪಿಎಲ್‌ಸಿಯಿಂದ, ಅಂದರೆ ಯಂತ್ರವನ್ನು ನಡೆಸುವ ಪುಟ್ಟ ಕಂಪ್ಯೂಟರಿನಿಂದ. ಪಿಎಲ್‌ಸಿ ಸುಳ್ಳು ಹೇಳುತ್ತಿದ್ದರೆ ಪ್ಯಾನೆಲ್ಲೂ ಅದೇ ಸುಳ್ಳನ್ನು ತೋರಿಸುತ್ತದೆ. ಹಾಗೆ ನೋಡಿದ್ದು ಎರಡನೇ ಸಾಕ್ಷಿಯಾಗದು, ಒಂದೇ ಸಾಕ್ಷಿಯನ್ನು ಎರಡು ಸಲ ಕೇಳಿದಂತಾಯಿತು ಅಷ್ಟೆ.

2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ದಾಳಿ ತಂತ್ರಾಂಶ ಇದನ್ನೇ ಆಯುಧ ಮಾಡಿಕೊಂಡಿತ್ತು. ಇರಾನಿನ ನತಾಂಜ್ ಯುರೇನಿಯಂ ಸ್ಥಾವರದ ಸೀಮೆನ್ಸ್ ಪಿಎಲ್‌ಸಿಗಳಿಗೆ ಹೊಕ್ಕ ಅದರ ಒಂದು ಭಾಗ, ಎಲ್ಲ ಸರಿಯಿದ್ದಾಗಿನ 21 ಸೆಕೆಂಡುಗಳ ಅಳತೆಗಳನ್ನು ಹಿಡಿದಿಟ್ಟುಕೊಂಡು ಅವನ್ನೇ ಮತ್ತೆ ಮತ್ತೆ ಮೇಲಕ್ಕೆ ಕಳಿಸುವಂತಿತ್ತು. ಇನ್ನೊಂದು ಭಾಗ ಸೆಂಟ್ರಿಫ್ಯೂಜ್‌ಗಳನ್ನು ಓಡಿಸುವ ಡ್ರೈವ್‌ಗಳ ಆವರ್ತನವನ್ನು ಆಗಾಗ 1410 ಹರ್ಟ್ಜ್‌ಗೆ ಏರಿಸಿ, 2 ಹರ್ಟ್ಜ್‌ಗೆ ಇಳಿಸಿ, 1064ಕ್ಕೆ ತಂದು ಬಿಡುತ್ತಿತ್ತು. ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ಎಲ್ಲ ನೆಟ್ಟಗಿದೆ ಎಂದೇ ಕಾಣಬೇಕು, ಒಳಗೆ ಯಂತ್ರಗಳು ಹಾಳಾಗುತ್ತಿರಬೇಕು, ಉದ್ದೇಶವೇ ಅದು.

ಹೊರಗೆ ಹೋಗಿ ನೋಡುವುದು ಕಷ್ಟವಾದ ಜಾಗಗಳೂ ಇರುತ್ತವೆ. ಅಲ್ಲಿ ಭೌತಶಾಸ್ತ್ರವನ್ನೇ ಸಾಕ್ಷಿಗೆ ಕರೆಯಿರಿ. ಬಸ್‌ಬಾರಿಗೆ (ಹಲವು ಲೈನುಗಳು ಕೂಡುವ ಲೋಹದ ಪಟ್ಟಿಗೆ) ಬರುವ ಕರೆಂಟೂ ಹೊರಹೋಗುವ ಕರೆಂಟೂ ಒಂದಕ್ಕೊಂದು ಸರಿಹೋಗಬೇಕು. ಟ್ಯಾಂಕಿಗೆ ಬಂದ ನೀರಿನಲ್ಲಿ ಹೋದ ನೀರನ್ನು ಕಳೆದರೆ ಮಟ್ಟ ಎಷ್ಟು ಏರಬೇಕೋ ಅಷ್ಟೇ ಏರಬೇಕು. ಪಂಪ್ ಓಡುತ್ತಿದೆ ಎಂದು ಪರದೆ ಹೇಳುತ್ತಿರುವಾಗ ಅದರ ಫೀಡರಿನ (ಅದಕ್ಕೆ ವಿದ್ಯುತ್ ಒಯ್ಯುವ ಲೈನಿನ) ಕರೆಂಟ್ ಸೊನ್ನೆಯಿದ್ದರೆ ಎರಡರಲ್ಲೊಂದು ಸುಳ್ಳು. ಒಂದು ಅಂಕಿಯನ್ನು ತಿರುಚುವುದು ಸುಲಭ. ಅದಕ್ಕೆ ಹೊಂದುವಂತೆ ಬೇರೆ ಬೇರೆ ಸಾಧನಗಳ ಹತ್ತಾರು ಅಂಕಿಗಳನ್ನು ತಿರುಚುವುದು ಬಹಳ ಕಷ್ಟ.

ಹಿಸ್ಟೋರಿಯನ್ (ಹಳೆಯ ಅಳತೆಗಳನ್ನು ಕೂಡಿಡುವ ತಂತ್ರಾಂಶ) ತೆರೆದು ಗೆರೆಗಳನ್ನೂ ನೋಡಿ. ನಿಜವಾದ ಸೆನ್ಸರಿನ ಅಳತೆ ಕೊನೆಯ ಅಂಕಿಯಲ್ಲಿ ಸದಾ ತುಸು ನಡುಗುತ್ತಿರುತ್ತದೆ. ಒಂದೇ ವಿನ್ಯಾಸ ಕರಾರುವಾಕ್ಕಾಗಿ ಪುನರಾವರ್ತನೆಯಾದರೆ ಅನುಮಾನಿಸಲು ಕಾರಣವಿದೆ. ಆದರೆ ನೇರವಾದ ಗೆರೆ ಕಂಡ ಕೂಡಲೇ ಹೌಹಾರಬೇಡಿ. ಜಾಗ ಉಳಿಸಲೆಂದು ಹಿಸ್ಟೋರಿಯನ್‌ಗಳು ಸಣ್ಣ ಬದಲಾವಣೆಗಳನ್ನು ಬಿಟ್ಟುಬಿಡುತ್ತವೆ, ಆಗ ಗೆರೆ ತಾನಾಗಿಯೇ ಚಪ್ಪಟೆಯಾಗುತ್ತದೆ. ಆ ಅಳತೆಯ ಹಿಂದಿನ ತಿಂಗಳ ಗೆರೆಯೂ ಹಾಗೇ ಇತ್ತೇ ಎಂದು ನೋಡಿದರೆ ಗೊತ್ತಾಗುತ್ತದೆ.

ಅಲಾರಂ ಬರುತ್ತಿಲ್ಲ, ಪರದೆ ನಿಂತಿದೆ

ಅಲಾರಂ ಇಲ್ಲದಿರುವುದು ನೆಮ್ಮದಿಯ ಲಕ್ಷಣವಾಗಿ ಕಾಣುವುದರಿಂದ ಈ ದೋಷ ಎಲ್ಲಕ್ಕಿಂತ ತಡವಾಗಿ ಕಣ್ಣಿಗೆ ಬೀಳುತ್ತದೆ. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊದಲ್ಲಿ ಸುಮಾರು 5 ಕೋಟಿ ಜನರಿಗೆ ವಿದ್ಯುತ್ ಹೋಯಿತು. ಒಹಾಯೊದ ಫಸ್ಟ್‌ಎನರ್ಜಿ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಅಲಾರಂ ತಂತ್ರಾಂಶ ಮಧ್ಯಾಹ್ನ 2 ಗಂಟೆ 14 ನಿಮಿಷಕ್ಕೇ ಸದ್ದಿಲ್ಲದೆ ನಿಂತುಹೋಗಿತ್ತು. 3 ಗಂಟೆಯ ನಂತರ ಲೈನುಗಳು ಒಂದೊಂದಾಗಿ ಬೀಳತೊಡಗಿದಾಗ ಅಲ್ಲಿನವರಿಗೆ ಎಚ್ಚರಿಕೆಯೇ ಬರಲಿಲ್ಲ. ಬ್ಲಾಸ್ಟರ್ ಎಂಬ ಹುಳು (ತಾನಾಗಿ ಹರಡುವ ದಾಳಿ ತಂತ್ರಾಂಶ) ಇಂಟರ್ನೆಟ್ಟಿನಲ್ಲಿ ಹರಿದಾಡುತ್ತಿದ್ದ ವಾರವದು, ಎಲ್ಲರ ಅನುಮಾನವೂ ಅತ್ತ ಹೋಗಿದ್ದು ಸಹಜ. ತನಿಖೆಯಲ್ಲಿ ಸಿಕ್ಕಿದ್ದು ಅಲಾರಂ ತಂತ್ರಾಂಶದಲ್ಲೇ ಇದ್ದ ದೋಷ: ಎರಡು ಪ್ರಕ್ರಿಯೆಗಳು ಒಂದೇ ದತ್ತಾಂಶಕ್ಕೆ ಏಕಕಾಲಕ್ಕೆ ಕೈ ಹಾಕಿದಾಗ ಸಿಕ್ಕಿಹಾಕಿಕೊಳ್ಳುವಂಥದ್ದು. ಹುಳುವಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಅದೇ ವರ್ಷದ ಜನವರಿಯಲ್ಲಿ, ಅದೇ ರಾಜ್ಯದಲ್ಲಿ ನಡೆದದ್ದು ಇದಕ್ಕೆ ವಿರುದ್ಧ. ಡೇವಿಸ್–ಬೆಸ್ಸೆ ಅಣು ಸ್ಥಾವರದ ಸುರಕ್ಷತಾ ಅಳತೆಗಳನ್ನು ತೋರಿಸುವ ಪರದೆ ಸುಮಾರು ಐದು ಗಂಟೆ ಕಾಲ ನಿಂತಿತು. ಕಾರಣ ಸ್ಲ್ಯಾಮರ್ ಎಂಬ ನಿಜವಾದ ಹುಳು. ಗುತ್ತಿಗೆದಾರರೊಬ್ಬರ ಲೈನ್ ಫೈರ್‌ವಾಲನ್ನು ತಪ್ಪಿಸಿ ಒಳಗೆ ಬಂದಿತ್ತು, ಹುಳು ಆ ದಾರಿ ಹಿಡಿದಿತ್ತು. ಸ್ಥಾವರ ಆಗ ಉತ್ಪಾದನೆ ನಿಲ್ಲಿಸಿದ್ದರಿಂದ ಅಪಾಯವಾಗಲಿಲ್ಲ. ಎರಡೂ ಕಡೆ ಲಕ್ಷಣ ಒಂದೇ, ಕಾರಣ ಬೇರೆ. ಲಕ್ಷಣ ನೋಡಿ ಕಾರಣ ಹೇಳುವ ಆತುರ ಬೇಡ.

ಮಾಡಬೇಕಾದ ಪರೀಕ್ಷೆ ಸರಳ. ನಿಮಗೆ ಅಧಿಕಾರವಿರುವ, ಹಾನಿಯಿಲ್ಲದ ಒಂದು ಅಲಾರಮನ್ನು ಬೇಕೆಂದೇ ಹುಟ್ಟಿಸಿ: ಪ್ಯಾನೆಲ್ ಬಾಗಿಲು ತೆರೆದರೆ ಬರುವ ಅಲಾರಂ ಸಾಕು. ಅದು ಆರ್‌ಟಿಯುವಿನಲ್ಲಿ ದಾಖಲಾಯಿತೇ, ಸರ್ವರ್ ತಲುಪಿತೇ, ಪರದೆಗೆ ಬಂತೇ ಎಂದು ಹಂತ ಹಂತವಾಗಿ ಹಿಂಬಾಲಿಸಿ. ಎಲ್ಲಿ ಕಡಿಯಿತೋ ದೋಷ ಅಲ್ಲಿದೆ. ಸರ್ವರಿನಲ್ಲಿದ್ದು ಪರದೆಯಲ್ಲಿಲ್ಲ ಎಂದಾದರೆ ಪ್ರಾಯಶಃ ತಂತ್ರಾಂಶದ ತೊಂದರೆ. ಆರ್‌ಟಿಯುವಿನಲ್ಲಿದ್ದು ಸರ್ವರಿಗೆ ಬರುತ್ತಿಲ್ಲವಾದರೆ ಮುಂದಿನದನ್ನು ಓದುವ ಮೊದಲು ನೆಟ್‌ವರ್ಕಿನ ಭಾಗವನ್ನು ಓದಿ.

ಯಾರೂ ಹೇಳದೆ ಬ್ರೇಕರ್ ತೆರೆದುಕೊಂಡಿತು

ಬ್ರೇಕರ್ ತೆರೆಯಲು ಇರುವುದು ಮೂರೇ ದಾರಿ: ರಕ್ಷಣಾ ರಿಲೇ ಟ್ರಿಪ್ ಮಾಡಿತು (ದೋಷ ಕಂಡು ತೆರೆಸಿತು), ದೂರದಿಂದ ಆದೇಶ ಬಂತು, ಅಥವಾ ಸ್ಥಳದಲ್ಲೇ ಏನೋ ಆಯಿತು.

ರಿಲೇಯ ಘಟನಾ ದಾಖಲೆಯಿಂದ ಶುರುಮಾಡಿ. ಲೈನಿನಲ್ಲಿ ನಿಜವಾಗಿ ದೋಷ ಬಂದಿದ್ದರೆ ಯಾವ ರಕ್ಷಣೆ ಎಚ್ಚೆತ್ತಿತು, ಎಷ್ಟು ಕರೆಂಟ್ ಹರಿಯಿತು, ತರಂಗದ ಆಕಾರ ಹೇಗಿತ್ತು ಎಲ್ಲವೂ ಅಲ್ಲಿರುತ್ತದೆ. ಪಕ್ಕದ ಸಬ್‌ಸ್ಟೇಷನ್ನಿನ ರಿಲೇಯೂ ಅದೇ ಗಳಿಗೆಯಲ್ಲಿ ಆ ದೋಷವನ್ನು ಕಂಡಿರಬೇಕು. ಎರಡೂ ಇದ್ದರೆ ಫೈಲ್ ಮುಚ್ಚಿ, ಲೈನಿನ ಕಡೆಗೆ ಜನ ಕಳಿಸಿ.

ದೋಷದ ಕರೆಂಟಿನ ಸುಳಿವಿಲ್ಲದೆ ‘ರಿಮೋಟ್ ಆದೇಶ ಬಂತು’ ಎಂದಷ್ಟೇ ದಾಖಲಾಗಿದ್ದರೆ ಸ್ಕಾಡಾ ಸರ್ವರಿನ ಲಾಗ್ ತೆಗೆಯಿರಿ. ಯಾವ ಲಾಗಿನ್, ಯಾವ ಕಂಪ್ಯೂಟರ್, ಎಷ್ಟು ಹೊತ್ತಿಗೆ? ಆ ಲಾಗಿನ್ ಯಾರದೋ ಅವರಿಗೇ ಫೋನ್ ಮಾಡಿ ಕೇಳಿ. ಅವರು ‘ನಾನು ಮುಟ್ಟಿಲ್ಲ’ ಎಂದರೆ ಲಾಗಿನ್ ಕಳುವಾಗಿದೆ. 2015ರಲ್ಲಿ ಉಕ್ರೇನಿನಲ್ಲಿ ಆದದ್ದು ಹೀಗೆ: ಆಪರೇಟರುಗಳ ಕಣ್ಣೆದುರೇ ಮೌಸಿನ ಬಾಣ ತಾನಾಗಿ ಓಡಾಡಿ ಬ್ರೇಕರ್‌ಗಳನ್ನು ತೆರೆಯಿತು. ಸುಮಾರು 2,25,000 ಗ್ರಾಹಕರು ಕತ್ತಲಲ್ಲಿ ಉಳಿದರು.

ಇದಕ್ಕಿಂತ ಗಂಭೀರವಾದ ಸ್ಥಿತಿ ಒಂದಿದೆ. ಆರ್‌ಟಿಯು ಅಥವಾ ರಿಲೇ ‘ರಿಮೋಟ್ ಆದೇಶ ಬಂತು’ ಎನ್ನುತ್ತದೆ, ಸ್ಕಾಡಾ ಸರ್ವರಿನಲ್ಲಿ ಅಂಥ ಆದೇಶ ಹೊರಟ ದಾಖಲೆಯೇ ಇಲ್ಲ. ಸರ್ವರನ್ನು ಬಿಟ್ಟು ಬೇರೆ ಯಾವುದೋ ಯಂತ್ರ ಆರ್‌ಟಿಯು ಜೊತೆ ನೇರವಾಗಿ ಮಾತಾಡಿದೆ ಎಂದರ್ಥ. 2016ರ ಡಿಸೆಂಬರ್ 17ರಂದು ಕೀವ್ ನಗರದ ಉತ್ತರಕ್ಕಿರುವ ಪಿವ್ನಿಚ್ನಾ ಸಬ್‌ಸ್ಟೇಷನ್ನನ್ನು ಕೆಡವಿದ ಇಂಡಸ್ಟ್ರಾಯರ್ ಎಂಬ ದಾಳಿ ತಂತ್ರಾಂಶ ಆ ಬಗೆಯದು. ಐಇಸಿ 101, ಐಇಸಿ 104, ಐಇಸಿ 61850 ಎಂಬ ವಿದ್ಯುತ್ ಜಾಲದ ಭಾಷೆಗಳನ್ನೇ ಅದಕ್ಕೆ ಕಲಿಸಿದ್ದರು. ಆಪರೇಟರಿನ ಪರದೆಯನ್ನು ಬಳಸುವ ಅಗತ್ಯವೇ ಅದಕ್ಕಿರಲಿಲ್ಲ. ಸೀಮೆನ್ಸಿನ ಸಿಪ್ರೊಟೆಕ್ ರಿಲೇಗಳು ಪ್ರತಿಕ್ರಿಯಿಸದಂತೆ ಮಾಡಲು ಬರೆದ ಒಂದು ಭಾಗವೂ ಅದರಲ್ಲಿತ್ತು. ಆದ್ದರಿಂದ ಈ ಸ್ಥಿತಿ ಕಂಡರೆ ಮುಂದಿನ ಪ್ರಶ್ನೆ: ರಕ್ಷಣಾ ರಿಲೇಗಳು ಜೀವಂತವಾಗಿವೆಯೇ? ಮುಂಭಾಗದ ಗುಂಡಿ ಒತ್ತಿ ನೋಡಿ. ಉತ್ತರಿಸದ ರಿಲೇಯನ್ನು ನಂಬಿ ಆ ಬ್ರೇಕರನ್ನು ಮತ್ತೆ ಮುಚ್ಚಬಾರದು.

ರಿಲೇಯಲ್ಲೂ ಇಲ್ಲ, ಆರ್‌ಟಿಯುವಿನಲ್ಲೂ ಇಲ್ಲ ಎಂದಾದರೆ ಬ್ಯಾಟರಿ ಸರ್ಕ್ಯೂಟಿನ ಅರ್ತ್ ದೋಷ, ಟ್ರಿಪ್ ಕಾಯಿಲ್, ನೀರು ಇಳಿದ ಜಂಕ್ಷನ್ ಬಾಕ್ಸ್, ಸವೆದ ವೈರ್ ಇವನ್ನು ಹುಡುಕಿ. ನೀರಸವಾದ ಉತ್ತರವೇ ಸರಿಯುತ್ತರವಾಗಿರುವ ಸಾಧ್ಯತೆ ಇಲ್ಲಿ ಹೆಚ್ಚು.

ನೆಟ್‌ವರ್ಕ್ ತುಂಬಿಹೋಗಿದೆ

2006ರ ಆಗಸ್ಟ್ 19ರಂದು ಅಮೆರಿಕದ ಅಲಬಾಮಾ ರಾಜ್ಯದ ಬ್ರೌನ್ಸ್ ಫೆರಿ ಅಣು ಸ್ಥಾವರದ 3ನೇ ಘಟಕದಲ್ಲಿ ನೀರು ಮರುಹರಿಸುವ ಎರಡೂ ಪಂಪ್‌ಗಳು ನಿಂತವು. ಆಪರೇಟರುಗಳು ರಿಯಾಕ್ಟರನ್ನು ಕೈಯಾರೆ ನಿಲ್ಲಿಸಬೇಕಾಯಿತು. ಕಾರಣ ಹುಡುಕಿದಾಗ ಕಂಡದ್ದು, ಪಂಪಿನ ಡ್ರೈವ್ ಕಂಟ್ರೋಲರ್‌ಗಳು ಕೂತಿದ್ದ ನೆಟ್‌ವರ್ಕಿನಲ್ಲಿ ತಾಳಲಾರದಷ್ಟು ಸಂದೇಶಗಳ ಸಂಚಾರ. ಹೊರಗಿನವರ ಕೈವಾಡ ಸಿಗಲಿಲ್ಲ. ಕೆಟ್ಟ ನೆಟ್‌ವರ್ಕ್ ಕಾರ್ಡ್ ಒಂದು ಕಿರುಚತೊಡಗಿದರೆ ಸಾಕು, ಯಾರೋ ಕೇಬಲಿನ ಎರಡೂ ತುದಿಯನ್ನು ಒಂದೇ ನೆಟ್‌ವರ್ಕ್ ಸ್ವಿಚ್ಚಿಗೆ ಚುಚ್ಚಿದರೂ ಸಾಕು, ದಾಳಿಯಂತೆಯೇ ಕಾಣುತ್ತದೆ.

ಪ್ರತಿ ಸ್ವಿಚ್ಚಿನ ಪೋರ್ಟ್ ಲೆಕ್ಕ ನೋಡಿ. ಬ್ರಾಡ್‌ಕಾಸ್ಟ್ (ಎಲ್ಲ ಸಾಧನಗಳಿಗೂ ಒಟ್ಟಿಗೆ ಹೋಗುವ) ಸಂದೇಶಗಳು ಯಾವ ಪೋರ್ಟಿನಿಂದ ಉಕ್ಕುತ್ತಿವೆಯೋ ಆ ಕೇಬಲನ್ನು ಹಿಡಿದು ನಡೆದರೆ ಮೂಲಕ್ಕೆ ತಲುಪುತ್ತೀರಿ. ಒಂದು ಎಚ್ಚರಿಕೆ: ಕಚೇರಿ ನೆಟ್‌ವರ್ಕಿನಲ್ಲಿ ಮಾಡುವಂತೆ ಇಲ್ಲಿ ಸ್ಕ್ಯಾನ್ (ಎಲ್ಲ ಸಾಧನಗಳನ್ನೂ ತಟ್ಟಿ ನೋಡುವ ತಪಾಸಣೆ) ಓಡಿಸಬೇಡಿ. ಹಳೆಯ ಪಿಎಲ್‌ಸಿಗಳು ಸ್ಕ್ಯಾನಿನ ಹೊಡೆತಕ್ಕೇ ನಿಂತುಬಿಡುತ್ತವೆ. ದೋಷ ಹುಡುಕಲು ಹೋಗಿ ಸ್ಥಾವರ ನಿಲ್ಲಿಸಿದ ಹೆಸರು ನಿಮಗೆ ಬರುತ್ತದೆ. ಸ್ವಿಚ್ಚಿನ ಮಿರರ್ ಪೋರ್ಟಿಗೆ (ಸಂಚಾರದ ನಕಲು ಸಿಗುವ ಕಿಂಡಿಗೆ) ಲ್ಯಾಪ್‌ಟಾಪ್ ಹಾಕಿ ಸುಮ್ಮನೆ ಕೇಳಿಸಿಕೊಳ್ಳಿ.

ಕೇಳಿಸಿಕೊಳ್ಳುವಾಗ ಗಮನಿಸಬೇಕಾದದ್ದು ಪ್ರಮಾಣಕ್ಕಿಂತ ಹೆಚ್ಚಾಗಿ ಯಾರು ಯಾರೊಡನೆ ಏನು ಮಾತಾಡುತ್ತಿದ್ದಾರೆ ಎಂಬುದನ್ನು. ಯಂತ್ರಗಳು ಮಾತಾಡುವ ಭಾಷೆಗಳಲ್ಲಿ ಮಾಡ್‌ಬಸ್ 502ನೇ ಪೋರ್ಟಿನಲ್ಲಿ, ಐಇಸಿ 104 ಪೋರ್ಟ್ 2404ರಲ್ಲಿ, ಡಿಎನ್‌ಪಿ3 ಪೋರ್ಟ್ 20000ದಲ್ಲಿ, ಸೀಮೆನ್ಸ್ ಎಸ್7 ಪೋರ್ಟ್ 102ರಲ್ಲಿ ಸಿಗುತ್ತವೆ. ಮಾಡ್‌ಬಸ್‌ನಲ್ಲಿ 1ರಿಂದ 4ರವರೆಗಿನ ಫಂಕ್ಷನ್ ಕೋಡ್‌ಗಳು ಓದಲು. 5, 6, 15, 16 ಬರೆಯಲು. ಇಷ್ಟು ಕಾಲ ಓದುತ್ತಲೇ ಇದ್ದ ಕಂಪ್ಯೂಟರ್ ಇವತ್ತು 16 ಕಳಿಸುತ್ತಿದ್ದರೆ, ಅಥವಾ ಪಟ್ಟಿಯಲ್ಲೇ ಇಲ್ಲದ ಐಪಿ ವಿಳಾಸವೊಂದು ಬರೆಯುತ್ತಿದ್ದರೆ, ಹುಡುಕಾಟದ ದಿಕ್ಕು ಅಲ್ಲಿಗೆ ತಿರುಗಬೇಕು. ಮಾಮೂಲಿ ಮಾಡ್‌ಬಸ್ ಪಾಸ್‌ವರ್ಡ್ ಕೇಳುವುದಿಲ್ಲ. ಆ ಪೋರ್ಟಿನವರೆಗೆ ಬಂದವರೆಲ್ಲ ಅದಕ್ಕೆ ಯಜಮಾನರೇ.

ಅಳತೆ ತಪ್ಪು, ಆದರೆ ಸೆನ್ಸರ್ ಸರಿಯಿದೆ

2024ರ ಜನವರಿಯ ಚಳಿಯಲ್ಲಿ ಉಕ್ರೇನಿನ ಲ್ವಿವ್ ನಗರದ 600ಕ್ಕೂ ಹೆಚ್ಚು ವಸತಿ ಕಟ್ಟಡಗಳಿಗೆ ಸುಮಾರು ಎರಡು ದಿನ ಬಿಸಿನೀರು ಮತ್ತು ತಾಪನ ನಿಂತುಹೋಯಿತು. ಫ್ರಾಸ್ಟಿಗೂಪ್ ಎಂಬ ಪ್ರೋಗ್ರಾಂ ಮಾಡ್‌ಬಸ್ ಮೂಲಕವೇ ತಾಪನ ಕಂಟ್ರೋಲರ್‌ಗಳಿಗೆ ಆದೇಶ ಕೊಟ್ಟಿತ್ತು. ಕಂಟ್ರೋಲರ್‌ಗಳು ತಪ್ಪು ಅಳತೆ ನಂಬಿ ತಪ್ಪಾಗಿ ನಡೆದುಕೊಂಡವು. ದಾಳಿಕೋರರು ಅವುಗಳ ಫರ್ಮ್‌ವೇರನ್ನು (ಸಾಧನದೊಳಗಿನ ಮೂಲ ತಂತ್ರಾಂಶವನ್ನು) ಹಳೆಯ ಆವೃತ್ತಿಗೆ ಇಳಿಸಿದ್ದರಿಂದ ದೂರದಿಂದ ನಿಗಾ ಇಡುವುದೂ ತಪ್ಪಿತ್ತು. ಸೆನ್ಸರ್ ಬದಲಿಸಿದರೂ ಅಂಕಿ ಸರಿಹೋಗದಿದ್ದರೆ ಕಂಟ್ರೋಲರಿನ ಫರ್ಮ್‌ವೇರ್ ಆವೃತ್ತಿ ಮತ್ತು ರಿಜಿಸ್ಟರ್‌ಗಳನ್ನು (ಅಂಕಿ ಇಡುವ ಖಾನೆಗಳನ್ನು) ಬ್ಯಾಕಪ್ಪಿನೊಂದಿಗೆ ಹೋಲಿಸಿ ನೋಡಿ ಎನ್ನುವುದು ಇದಕ್ಕಾಗಿ. ಆವೃತ್ತಿ ಹಿಂದಕ್ಕೆ ಹೋಗಿದ್ದರೆ ಅದು ತಾನಾಗಿ ಆಗುವ ಸಂಗತಿಯಲ್ಲ.

ಪತ್ತೆದಾರಿಕೆಯ ಪಾಠವಾಗಿ ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಹಳೆಯದೊಂದು ಪ್ರಕರಣ. 2000ನೇ ಇಸವಿಯಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಮರೂಚಿ ಎಂಬಲ್ಲಿ ಒಳಚರಂಡಿ ಪಂಪ್ ಸ್ಟೇಷನ್‌ಗಳು ವಿಚಿತ್ರವಾಗಿ ವರ್ತಿಸತೊಡಗಿದವು: ಓಡಬೇಕಾದಾಗ ಪಂಪ್ ಓಡದು, ಅಲಾರಂ ಕೇಂದ್ರಕ್ಕೆ ತಲುಪದು, ಸಂಪರ್ಕ ಕಡಿಯುತ್ತಲೇ ಇರುತ್ತದೆ. ವ್ಯವಸ್ಥೆ ಹೊಸದು, ಹಾಗಾಗಿ ಅಳವಡಿಕೆಯ ದೋಷ ಎಂದುಕೊಂಡು ತಂತ್ರಾಂಶವನ್ನೇ ಮತ್ತೆ ಹಾಕಿ ನೋಡಿದರು. ಉಪಯೋಗವಾಗಲಿಲ್ಲ. ಕೊನೆಗೆ ತನಿಖೆಗಿಳಿದ ಎಂಜಿನಿಯರ್ ರೇಡಿಯೊ ಸಂದೇಶಗಳನ್ನು ದಾಖಲಿಸಿಕೊಳ್ಳತೊಡಗಿದಾಗ, ಕೆಟ್ಟ ಸಂದೇಶಗಳೆಲ್ಲ 14ನೇ ಸ್ಟೇಷನ್ನಿನಿಂದ ಬರುತ್ತಿರುವಂತೆ ಕಂಡಿತು. ಆ ಸ್ಟೇಷನ್ ಪರೀಕ್ಷಿಸಿದರೆ ಚೆನ್ನಾಗಿಯೇ ಇದೆ. ಆಗ ಅವರು ಆ ಸ್ಟೇಷನ್ನಿನ ಗುರುತಿನ ಸಂಖ್ಯೆಯನ್ನು 14ರಿಂದ 3ಕ್ಕೆ ಬದಲಿಸಿಬಿಟ್ಟರು. ಇನ್ನು 14 ಎಂಬ ಹೆಸರಿನಲ್ಲಿ ಯಾವ ಸಂದೇಶವೂ ಬರಬಾರದು. ಆದರೂ ಬಂತು. ಯಾರೋ ಹೊರಗಿನಿಂದ 14ರ ವೇಷ ಹಾಕಿಕೊಂಡು ಮಾತಾಡುತ್ತಿದ್ದಾರೆ ಎಂಬುದು ಅಲ್ಲಿಗೆ ಸಿದ್ಧವಾಯಿತು. ವ್ಯವಸ್ಥೆ ಅಳವಡಿಸಿದ ಕಂಪನಿಯ ಮಾಜಿ ನೌಕರನೊಬ್ಬ ಕಾರಿನಲ್ಲಿ ರೇಡಿಯೊ ಮತ್ತು ಲ್ಯಾಪ್‌ಟಾಪ್ ಇಟ್ಟುಕೊಂಡು ಇದನ್ನೆಲ್ಲ ಮಾಡುತ್ತಿದ್ದ. ಅಷ್ಟರಲ್ಲಿ ಸುಮಾರು 8 ಲಕ್ಷ ಲೀಟರ್ ಕೊಳಚೆ ನೀರು ಉದ್ಯಾನ, ನದಿಗಳ ಪಾಲಾಗಿತ್ತು.

ಈ ತಂತ್ರ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಅನುಮಾನವಿರುವ ಸಾಧನದ ವಿಳಾಸವನ್ನೋ ಸಂಖ್ಯೆಯನ್ನೋ ಬದಲಿಸಿ, ಹಳೆಯ ವಿಳಾಸಕ್ಕೆ ಕಿವಿಗೊಟ್ಟು ಕೂರಿ. ಖರ್ಚಿಲ್ಲ, ವಿಶೇಷ ಉಪಕರಣ ಬೇಕಿಲ್ಲ. ಸಿಗುವ ಉತ್ತರ ಹೌದು ಅಥವಾ ಇಲ್ಲ.

ಸುರಕ್ಷತಾ ವ್ಯವಸ್ಥೆ ಸುಮ್ಮಸುಮ್ಮನೆ ಸ್ಥಾವರ ನಿಲ್ಲಿಸಿತು

ಒತ್ತಡ ಸರಿಯಿದೆ, ಉಷ್ಣತೆ ಸರಿಯಿದೆ, ಆದರೂ ಟ್ರಿಪ್. ಇಂಥದ್ದನ್ನು ‘ಸುಳ್ಳು ಟ್ರಿಪ್’ ಎಂದು ಬರೆದು ಮತ್ತೆ ಚಾಲೂ ಮಾಡುವ ಒತ್ತಡ ಮೇಲಿನಿಂದ ಬರುತ್ತದೆ, ಪ್ರತಿ ಗಂಟೆಗೂ ನಷ್ಟ ಏರುತ್ತಿರುತ್ತದಲ್ಲ. 2017ರಲ್ಲಿ ಸೌದಿ ಅರೇಬಿಯದ ಪೆಟ್ರೊಕೆಮಿಕಲ್ ಸ್ಥಾವರವೊಂದರಲ್ಲಿ ಜೂನ್ ತಿಂಗಳ ಟ್ರಿಪ್ಪನ್ನು ಯಂತ್ರದೋಷವೆಂದು ತೀರ್ಮಾನಿಸಿ ಮುಂದುವರಿದರು. ಆಗಸ್ಟಿನಲ್ಲಿ ಮತ್ತೆ ಟ್ರಿಪ್ ಆದಾಗ ಮಾತ್ರ ಟ್ರೈಟನ್ ಸಿಕ್ಕಿತು: ಟ್ರೈಕೊನೆಕ್ಸ್ ಸುರಕ್ಷತಾ ಕಂಟ್ರೋಲರಿನ ಒಳಗೇ ಹೊಕ್ಕಿದ್ದ ತಂತ್ರಾಂಶ. ದಾಳಿಕೋರರ ಕೋಡಿನಲ್ಲಿದ್ದ ಎಡವಟ್ಟಿನಿಂದ ಕಂಟ್ರೋಲರಿನ ಮೂರು ಪ್ರೊಸೆಸರ್‌ಗಳ ನಡುವೆ ತಾಳೆ ತಪ್ಪಿ ಅದು ಸ್ಥಾವರವನ್ನು ನಿಲ್ಲಿಸಿತ್ತು. ಎಡವಟ್ಟಾಗದಿದ್ದರೆ ಅನಾಹುತ ತಡೆಯಬೇಕಾದ ವ್ಯವಸ್ಥೆಯೇ ಅವರ ಕೈಯಲ್ಲಿದ್ದುದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಸುರಕ್ಷತಾ ಟ್ರಿಪ್ಪಿನ ಫೈಲನ್ನು ಕಾರಣ ಸಿಗದೆ ಎಂದಿಗೂ ಮುಚ್ಚಬೇಡಿ. ಕಂಟ್ರೋಲರಿನ ಮುಂಭಾಗದಲ್ಲಿರುವ ಕೀಲಿ ಸ್ವಿಚ್ ಯಾವ ಸ್ಥಾನದಲ್ಲಿದೆ? ರನ್ ಸ್ಥಾನದಲ್ಲಿರಬೇಕಾದದ್ದು ಪ್ರೋಗ್ರಾಂ ಸ್ಥಾನದಲ್ಲಿ ಉಳಿದಿದ್ದೇ ಆ ಸ್ಥಾವರದಲ್ಲಿ ದಾರಿ ಮಾಡಿಕೊಟ್ಟದ್ದು. ಒಳಗಿರುವ ಲಾಜಿಕ್ಕನ್ನು ನೆಟ್‌ವರ್ಕಿಗೆ ಕೂಡಿಸದೆ ಇಟ್ಟ ಪ್ರತಿಯೊಂದಿಗೆ ಹೋಲಿಸಿ. ಹೋಲಿಕೆಗೆ ಅದೇ ಎಂಜಿನಿಯರಿಂಗ್ ಕಂಪ್ಯೂಟರ್ ಬಳಸಬೇಡಿ; ದಾಳಿಕೋರರು ಒಳಬಂದದ್ದು ಅದರ ಮೂಲಕವೇ ಇರಬಹುದು.

ದೋಷವನ್ನೇ ದಾಳಿ ಎಂದುಕೊಂಡಾಗ

ಎಚ್ಚರಿಕೆ ಅತಿಯಾದರೂ ನಷ್ಟವೇ. 2011ರ ನವೆಂಬರಿನಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಸಣ್ಣ ನೀರು ಸರಬರಾಜು ಸಂಸ್ಥೆಯೊಂದರ ಪಂಪ್ ಸುಟ್ಟಿತು. ಲಾಗ್ ತೆಗೆದರೆ ರಷ್ಯಾದ ಐಪಿ ವಿಳಾಸದಿಂದ ಲಾಗಿನ್! ವಿದೇಶಿ ದಾಳಿ ಎಂಬ ವರದಿ ಹೊರಬಿದ್ದು ಜಗತ್ತೆಲ್ಲ ಸುದ್ದಿಯಾಯಿತು. ಆ ಲಾಗಿನ್ ಆಗಿದ್ದು ಐದು ತಿಂಗಳ ಹಿಂದೆ. ಸಂಸ್ಥೆಯ ಗುತ್ತಿಗೆದಾರರೇ ರಜೆಯಲ್ಲಿ ರಷ್ಯಾಕ್ಕೆ ಹೋಗಿದ್ದಾಗ, ಸಂಸ್ಥೆ ಕೇಳಿಕೊಂಡದ್ದಕ್ಕೆ ಅಲ್ಲಿಂದ ಲಾಗಿನ್ ಆಗಿದ್ದರು. ಅವರಿಗೊಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಪಂಪ್ ಕೆಟ್ಟದ್ದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

2021ರ ಫೆಬ್ರುವರಿಯಲ್ಲಿ ಫ್ಲಾರಿಡಾದ ಓಲ್ಡ್ಸ್‌ಮರ್ ನೀರು ಘಟಕದಲ್ಲಿ ಸೋಡಿಯಂ ಹೈಡ್ರಾಕ್ಸೈಡಿನ ಪ್ರಮಾಣ 100ರಿಂದ 11,100 ಪಿಪಿಎಂಗೆ ಏರಿದ್ದನ್ನು ಆಪರೇಟರ್ ಕೂಡಲೇ ಇಳಿಸಿದರು. ದಾಳಿಯ ಮಾದರಿ ಎಂದು ಎಲ್ಲ ಕಡೆ ಉದಾಹರಿಸಲಾಯಿತು. 2023ರಲ್ಲಿ ಆಗಿನ ನಗರ ಆಡಳಿತದ ಮುಖ್ಯಸ್ಥರಾಗಿದ್ದವರೇ ಅದು ಒಳಗಿನ ನೌಕರರಿಂದಾದ ತಪ್ಪು ಎಂದರು. ಹೊರಗಿನವರ ದಾಳಿಯೆಂದು ದೃಢಪಡಿಸಲು ಎಫ್‌ಬಿಐಗೂ ಆಗಲಿಲ್ಲ. 2008ರಲ್ಲಿ ಜಾರ್ಜಿಯಾ ರಾಜ್ಯದ ಹ್ಯಾಚ್ ಅಣು ಸ್ಥಾವರ 48 ಗಂಟೆ ನಿಂತದ್ದು ಕಚೇರಿ ನೆಟ್‌ವರ್ಕಿನ ಕಂಪ್ಯೂಟರಿಗೆ ಹಾಕಿದ ಒಂದು ಅಪ್‌ಡೇಟ್‌ನಿಂದ. ಅದು ನಿಯಂತ್ರಣ ವ್ಯವಸ್ಥೆಯ ದತ್ತಾಂಶವನ್ನೂ ಸೊನ್ನೆ ಮಾಡಿತು. ನೀರು ಕಡಿಮೆಯಾಗಿದೆ ಎಂದು ಸುರಕ್ಷತಾ ವ್ಯವಸ್ಥೆ ತಿಳಿಯಿತು.

ಆದ್ದರಿಂದ ‘ದಾಳಿ’ ಎಂದು ಬರೆಯುವ ಮೊದಲು: ಈ ವಾರ ಯಾರು ಏನು ಬದಲಿಸಿದರು? ವೆಂಡರ್ ಒಳಗಿದ್ದರೇ? ಯಾವ ಅಪ್‌ಡೇಟ್ ಬಿತ್ತು, ಯಾವ ಲೈಸೆನ್ಸ್ ಮುಗಿಯಿತು, ಯಾವ ಸರ್ಟಿಫಿಕೇಟ್ ಅವಧಿ ದಾಟಿತು? ಅನುಮಾನದ ಲಾಗಿನ್ ಮತ್ತು ಕೆಟ್ಟ ಘಟನೆ ಇವೆರಡರ ಸಮಯ ನಿಜಕ್ಕೂ ಹತ್ತಿರವಿದೆಯೇ?

ಕಚೇರಿ ಕಡೆ ಬಿದ್ದಿದೆ, ಸ್ಥಾವರ ಓಡುತ್ತಿದೆ

ಇದು ತಾಂತ್ರಿಕ ಪತ್ತೆಗಿಂತ ತೀರ್ಮಾನದ ಪ್ರಶ್ನೆ. 2021ರ ಮೇ 7ರಂದು ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯ ಕಚೇರಿ ಕಂಪ್ಯೂಟರ್‌ಗಳಿಗೆ ರ‍್ಯಾನ್ಸಂವೇರ್ ಬಿತ್ತು. ಒಳಬಂದದ್ದು ಎರಡನೇ ಹಂತದ ದೃಢೀಕರಣವಿಲ್ಲದ ಹಳೆಯ ವಿಪಿಎನ್ ಖಾತೆಯಿಂದ. ಅದು ಮುಂದೆ ಹರಡೀತೆಂದು ಕಂಪನಿಯೇ ಕೊಳವೆ ಮಾರ್ಗವನ್ನು ನಿಲ್ಲಿಸಿತು, ಮತ್ತೆ ತೈಲ ಹರಿಯತೊಡಗಿದ್ದು ಮೇ 12ರಂದು. 2022ರ ಫೆಬ್ರುವರಿ 24ರಂದು ವಯಾಸ್ಯಾಟ್ ಉಪಗ್ರಹ ಜಾಲದ ಮೋಡೆಮ್‌ಗಳನ್ನು ಅಳಿಸಿದ ದಾಳಿಯಿಂದ ಜರ್ಮನಿಯಲ್ಲಿ 5,800 ಗಾಳಿಯಂತ್ರಗಳ ದೂರನಿಗಾ ತಪ್ಪಿತು, ಆದರೆ ಯಂತ್ರಗಳು ತಮ್ಮಷ್ಟಕ್ಕೆ ತಿರುಗುತ್ತಲೇ ಇದ್ದವು. ವ್ಯತ್ಯಾಸ ಎಲ್ಲಿದೆ ನೋಡಿ. ಕಚೇರಿಯನ್ನು ಕತ್ತರಿಸಿದರೆ ಸ್ಥಾವರ ತಾನೇ ನಡೆದೀತೇ ಎಂಬ ಉತ್ತರ ನಿಮಗೆ ಮೊದಲೇ ಗೊತ್ತಿದ್ದರೆ ಕತ್ತರಿಸಲು ಧೈರ್ಯ ಬರುತ್ತದೆ. ವರ್ಷಕ್ಕೊಮ್ಮೆಯಾದರೂ ಆ ಕೇಬಲನ್ನು ಯೋಜನೆ ಮಾಡಿ ಕಿತ್ತು ನೋಡಿ. ಬಿಲ್ಲಿಂಗ್, ಲೈಸೆನ್ಸ್ ಸರ್ವರ್, ಸಮಯದ ಮೂಲ ಹೀಗೆ ಯಾವ್ಯಾವುದೋ ಎಳೆ ಆ ಕಡೆಗೆ ಕಟ್ಟಿಕೊಂಡಿರುವುದು ಆಗ ಕಾಣುತ್ತದೆ.

ದಾಳಿ ಎಂದು ಖಚಿತವಾದ ಮೇಲೆ

ಹೊರಗಿನ ಸಂಪರ್ಕ ಕಡಿಯಿರಿ: ವೆಂಡರುಗಳ ವಿಪಿಎನ್, ಮೋಡೆಮ್, ಯಾರೋ ಅನುಕೂಲಕ್ಕೆಂದು ಸಿಕ್ಕಿಸಿದ 4ಜಿ ರೂಟರ್. ಡೀಫಾಲ್ಟ್ ಪಾಸ್‌ವರ್ಡ್‌ಗಳನ್ನು ಬದಲಿಸಿ. 2023ರ ನವೆಂಬರಿನಲ್ಲಿ ಪೆನ್ಸಿಲ್ವೇನಿಯಾದ ಅಲಿಕ್ವಿಪ್ಪ ನೀರು ಸಂಸ್ಥೆಯ ಯುನಿಟ್ರಾನಿಕ್ಸ್ ಪಿಎಲ್‌ಸಿ ದಾಳಿಗೆ ತುತ್ತಾಯಿತು. ಆ ಸರಣಿಯಲ್ಲಿ ದಾಳಿಕೋರರು ಹುಡುಕಿದ್ದು ಇಂಟರ್ನೆಟ್ಟಿಗೆ ನೇರವಾಗಿ ತೆರೆದುಕೊಂಡ, ‘1111’ ಎಂಬ ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡ ಸಾಧನಗಳನ್ನು.

ವರದಿಯ ಗಡುವು ಗಂಟೆಗಳಲ್ಲಿದೆ, ಅದು ಗೊತ್ತಿರಲಿ. ಭಾರತದಲ್ಲಿ ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್‌–ಇನ್‌ನ 2022ರ ಏಪ್ರಿಲ್ ನಿರ್ದೇಶನದಂತೆ 6 ಗಂಟೆ. ಐರೋಪ್ಯ ಒಕ್ಕೂಟದ ಎನ್‌ಐಎಸ್2 ಎಂಬ ಸೈಬರ್ ಭದ್ರತಾ ನಿಯಮದ ಪ್ರಕಾರ ಮೊದಲ ಎಚ್ಚರಿಕೆಗೆ 24 ಗಂಟೆ, ವಿವರಕ್ಕೆ 72 ಗಂಟೆ. ಪೂರ್ತಿ ಕಾರಣ ತಿಳಿದ ಮೇಲೆ ಬರೆಯೋಣ ಎಂದು ಕಾಯಬೇಡಿ.

ಮರುಸ್ಥಾಪನೆಗೆ ಅವಸರ ಮಾಡಿದವರು ಎರಡನೇ ಸಲ ಬಿದ್ದಿದ್ದಾರೆ. ಬ್ಯಾಕಪ್ ತೆಗೆದ ದಿನವೇ ದಾಳಿಕೋರರು ಒಳಗಿದ್ದಿರಬಹುದು. ಲ್ವಿವ್‌ನಲ್ಲಿ ದಾಳಿಕೋರರು ಒಳಹೊಕ್ಕದ್ದು ಕೆಡವಿದ್ದಕ್ಕಿಂತ ಸುಮಾರು ಒಂಬತ್ತು ತಿಂಗಳು ಮೊದಲು. ಸರ್ವರ್ ಹೊಸದಾಗಿ ಕಟ್ಟಿದರೂ ಸಣ್ಣ ಸಾಧನಗಳನ್ನು ಮರೆಯಬೇಡಿ. 2015ರಲ್ಲಿ ಉಕ್ರೇನಿನ ಸಬ್‌ಸ್ಟೇಷನ್‌ಗಳಲ್ಲಿ ಸೀರಿಯಲ್ ಲೈನನ್ನು ಈಥರ್ನೆಟ್ಟಿಗೆ ಕೂಡಿಸುವ ಪುಟ್ಟ ಪೆಟ್ಟಿಗೆಗಳ ಫರ್ಮ್‌ವೇರನ್ನೂ ಅಳಿಸಿದ್ದರು. ಕೆಲವೇ ಗಂಟೆಗಳಲ್ಲಿ ವಿದ್ಯುತ್ ಮರಳಿತು, ಯಾಕೆಂದರೆ ಸಿಬ್ಬಂದಿ ಸ್ಥಳಕ್ಕೆ ಹೋಗಿ ಕೈಯಾರೆ ಬ್ರೇಕರ್ ಮುಚ್ಚಿದರು. ದೂರನಿಯಂತ್ರಣ ಮರಳಲು ತಿಂಗಳುಗಳೇ ಬೇಕಾದವು.

ರಿಮೋಟಿಗೆ ಮರಳಿಸುವಾಗ ಒಂದೊಂದೇ ಫೀಡರನ್ನು ಕೊಡಿ. ಪ್ರತಿಯೊಂದಕ್ಕೂ ಪರದೆಯಿಂದ ಆದೇಶ ಕಳಿಸುವವರೊಬ್ಬರು, ಬ್ರೇಕರಿನ ಮುಂದೆ ನಿಂತು ಫೋನಿನಲ್ಲಿ ಹೇಳುವವರೊಬ್ಬರು ಇರಲಿ. ಆರ್‌ಟಿಯು ಲಾಗಿನಲ್ಲಿ ಆ ಒಂದು ಆದೇಶ ಬಿಟ್ಟು ಬೇರೇನೂ ಬಂದಿಲ್ಲ ಎಂದು ನೋಡಿದ ಮೇಲೆ ಮುಂದಿನ ಫೀಡರ್.